ನಾನು ಕಣಣ್ಣ

ನಮ್ಮ ಕಡೆ ಫೋನ್ ಮಾಡಿದವರು ಹೆಸರು ಹೇಳುವ ಪದ್ಧತಿ ಇಲ್ಲ. ಅತ್ತ ಕಡೆಯವರು ಎತ್ತಿಕೊಂಡ ಕೂಡಲೇ "ನಾನು ಕಣೋ" ಎಂದರೆ ಮುಗಿಯಿತು. ಯಾರು ಎಂದು ಕೇಳಿದರೆ ಅದೇ ಒಂದು ಅವಮಾನ. "ನನ್ ಧ್ವನಿ ಗುರ್ತು ಸಿಗ್ಲಿಲ್ವಾ? ಅಷ್ಟು ದೊಡ್ಡೋನಾಗ್ಬಿಟ್ಯಾ?" ಎಂದು ಜಗಳಕ್ಕೇ ಬರುತ್ತಾರೆ. ನಾನು ಮದುವೆಯಾಗಿ ಕಡೂರಿಗೆ ಬಂದು ಇಷ್ಟು ವರ್ಷವಾದರೂ ಪಂಚನಹಳ್ಳಿಯಲ್ಲಿರುವ ನನ್ನ ಅಣ್ಣನಿಗೆ ಫೋನ್ ಮಾಡಿದಾಗ ಒಂದು ದಿನವೂ ಹೆಸರು ಹೇಳಿದವಳಲ್ಲ. ನಾನು "ನಾನು ಕಣಣ್ಣ" ಅನ್ನುವುದು, ಅವನು "ಹೇಳವ್ವ" ಅನ್ನುವುದು. ಈಗ ಆ ಎರಡು ಪದ ಹೇಳಲು ಫೋನ್ ಎತ್ತಿಕೊಂಡವಳು ಹಾಗೇ ಕೆಳಗಿಡುತ್ತೇನೆ.

ನನ್ನ ಧ್ವನಿಯ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಕಡೂರಿನಲ್ಲಿ ಕೇಬಲ್ ಚಾನೆಲ್ ಇದ್ದ ಕಾಲದಲ್ಲಿ ಸಂಜೆಯ ಸುದ್ದಿ ಓದುತ್ತಿದ್ದೆ. ಸುದ್ದಿಯೆಂದರೆ ದೊಡ್ಡದೇನಲ್ಲ. ನಾಳೆ ಯಾವ ಬಡಾವಣೆಗೆ ನೀರು, ಎಲ್ಲಿ ಕರೆಂಟ್ ಇಲ್ಲ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾರು ತೀರಿಕೊಂಡರು. ನಾನು ಪೌಡರ್ ಬಳಿದುಕೊಂಡು ಮಿಂಚುವ ಸೀರೆ ಉಟ್ಟು ಕೂತಿದ್ದರೂ ಜನ ನನ್ನ ಮುಖ ನೋಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಲೇ ಕೇಳಿಸಿಕೊಳ್ಳುತ್ತಿದ್ದರು. ಹಾಗಾಗಿ ಬಸ್ ಸ್ಟ್ಯಾಂಡಿನಲ್ಲಿ ಎದುರಿಗೆ ಬಂದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ, ಆದರೆ ಬಾಳೆಹಣ್ಣು ಹೇಗೆ ಎಂದು ಬಾಯಿ ಬಿಟ್ಟರೆ ಸಾಕು, ಸುತ್ತಲಿನ ನಾಲ್ಕು ತಲೆ ತಿರುಗುತ್ತಿದ್ದವು. ಅದು ನನಗೆ ಇಷ್ಟವಾಗುತ್ತಿತ್ತು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಚಾನೆಲ್ ಬಾಗಿಲು ಹಾಕಿತು. ನನ್ನ ಗಂಡ ರೈಲ್ವೆಯಲ್ಲಿ, ಡ್ಯೂಟಿ ಎಂದು ಅರ್ಧ ತಿಂಗಳು ಹೊರಗಿರುವವರು. ನಾನು ಮನೆಯಲ್ಲಿ ಗೋಡೆಗಳಿಗೆ ಸುದ್ದಿ ಓದುತ್ತಿದ್ದೆ.

ಆಗ ತರೀಕೆರೆಯಿಂದ ಒಬ್ಬರು ಮನೆ ಹುಡುಕಿಕೊಂಡು ಬಂದರು. ಅಮೃತಾಪುರದ ಕಡೆಯ ಒಕ್ಕಲು ಮನೆತನ, ಮಠದ ಹಾಸ್ಟೆಲ್ಲಿನಲ್ಲಿ ಓದಿದವರು, ಬೆಳಗಿನ ವಿಭೂತಿ ಸಂಜೆಯವರೆಗೂ ಅಳಿಸದಂಥ ಅಚ್ಚುಕಟ್ಟಿನ ಮನುಷ್ಯ. ತರೀಕೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಕಂಪನಿ ಇಟ್ಟಿದ್ದರು. ಮೊದಲು ಬಟ್ಟೆ ಅಂಗಡಿಗಳ ಪರವಾಗಿ ಊರಿಗೆಲ್ಲ ಮೆಸೇಜ್ ಕಳಿಸುವ ವ್ಯಾಪಾರ. ಈಗ ಸರ್ಕಾರದ ಒಂದು ಗುತ್ತಿಗೆ ಸಿಕ್ಕಿತ್ತು. ರೈತರ ಫೋನಿಗೆ ಕರೆ ಮಾಡಿ, ತ್ರೀಫೇಸ್ ಕರೆಂಟ್ ಯಾವಾಗ ಬರುತ್ತದೆ, ತೆಂಗಿನ ರೋಗಕ್ಕೆ ಏನು ಮಾಡಬೇಕು, ಯಾವ ಯೋಜನೆಗೆ ಅರ್ಜಿ ಹಾಕಬೇಕು ಎಂದು ತಿಳಿಸುವ ಕೆಲಸ.

"ಬೇರೆ ಊರಿನ ಹುಡ್ಗೀರ ಧ್ವನಿ ಹಾಕಿ ನೋಡ್ದೆ ಮೇಡಂ," ಎಂದರು. "ಬ್ಯಾಂಕಿನವರು ಅಂದ್ಕೊಂಡು ಕಟ್ ಮಾಡ್ತಾರೆ. ನಿಮ್ಮ ಧ್ವನಿ ಆದ್ರೆ ಪಕ್ಕದ್ಮನೆಯೋರು ಬೇಲಿ ಮೇಲಿಂದ ಕೂಗ್ದಂಗಿರುತ್ತೆ."

ಇಂಥ ಮಾತಿಗೆ ನಾನು ಸೋಲದೆ ಇರುತ್ತೇನೆಯೇ? ಮಾರನೆಯ ದಿನವೇ ತರೀಕೆರೆ ಬಸ್ ಹತ್ತಿದೆ.

ತ್ರೀಫೇಸ್ ಎಂದರೆ ಏನೆಂದು ಪೇಟೆಯವರಿಗೆ ಹೇಳಬೇಕು. ಮನೆಯ ದೀಪ ಉರಿಸುವ ಕರೆಂಟು ಬೇರೆ, ಬೋರ್‌ವೆಲ್ ಮೋಟರ್ ತಿರುಗಿಸುವ ಕರೆಂಟು ಬೇರೆ. ಎರಡನೆಯದು ಕರೆಂಟಿನವರು ಕೊಟ್ಟಾಗ ಬರುತ್ತದೆ, ಬಂದಷ್ಟು ಹೊತ್ತು ಇರುತ್ತದೆ. ಬಂತೆಂದರೆ ಪಂಚನಹಳ್ಳಿ ಕಡೆ ಊಟಕ್ಕೆ ಕೂತವರು ತಟ್ಟೆ ಬಿಟ್ಟು ಏಳುತ್ತಾರೆ. ಹೆಣ್ಣು ನೋಡಲು ಬಂದವರನ್ನು ಜಗಲಿಯ ಮೇಲೆ ಕೂರಿಸಿ ನನ್ನ ಅಪ್ಪ ತೋಟಕ್ಕೆ ಓಡಿಹೋಗಿದ್ದು ನಮ್ಮ ಮನೆಯ ಹಳೆಯ ಕತೆ. ಅವರು ನೋಡಲು ಬಂದಿದ್ದು ನನ್ನನ್ನೇ. ಅಂಥ ಊರುಗಳಿಗೆ ದಿನವೂ "ನಮಸ್ಕಾರ, ಇವತ್ತು ನಿಮ್ಮ ಭಾಗಕ್ಕೆ ತ್ರೀಫೇಸ್ ಇಷ್ಟು ಹೊತ್ತಿಗೆ" ಎಂದು ಹೇಳುವವಳು ನಾನಾದೆ. ಅಣ್ಣನಿಗೆ ಹೆಮ್ಮೆಯೋ ಹೆಮ್ಮೆ. ತೋಟದ ಬದುವಿನ ಮೇಲೆ ನಿಂತು ಫೋನನ್ನು ಜೋರು ಮಾಡಿ ಅಕ್ಕಪಕ್ಕದವರಿಗೆಲ್ಲ ಕೇಳಿಸುತ್ತಿದ್ದನಂತೆ. "ನಮ್ ತಂಗಿ ಹೇಳಿದ್ಮೇಲೆ ಕರೆಂಟು ಬರ್ಲೇಬೇಕು" ಎನ್ನುತ್ತಿದ್ದನಂತೆ.

ಕೆಲವು ತಿಂಗಳಾದ ಮೇಲೆ ಮಾಲೀಕರು ಹೊಸದೊಂದು ಹೇಳಿದರು. ದಿನಾ ನಾನು ಬಂದು ಓದುವ ಅಗತ್ಯವಿಲ್ಲದಂತೆ ಯಂತ್ರಕ್ಕೇ ನನ್ನ ಧ್ವನಿ ಕಲಿಸುವುದು. ಅದಕ್ಕೆ ನಾನು ಗಂಟೆಗಟ್ಟಲೆ ಮಾತಾಡಬೇಕು.

"ಕಾಗದ ನೋಡಿ ಓದಿದ್ರೆ ಆಗಲ್ಲ ಮೇಡಂ. ನಗೋದು, ರೇಗೋದು, ಅಳು ಬಂದಾಗ ಗಂಟ್ಲು ಕಟ್ಟೋದು, ಎಲ್ಲಾ ಬೇಕು. ಮನೆಯವರ ಹತ್ರ ಮಾತಾಡ್ದಂಗೆ ಮಾತಾಡಿ. ಚಿಕ್ಕಂದಿನದೇನಾದ್ರೂ ಹೇಳಿ."

ಮಹಡಿಯ ಮೇಲಿನ ಸಣ್ಣ ಕೋಣೆ. ಗೋಡೆಗೆಲ್ಲ ಹಾಸಿಗೆಯ ಸ್ಪಂಜು, ಕಿಟಕಿಗೆ ಕಂಬಳಿ. ಕೆಳಗಿನ ಅಂಗಡಿಯಲ್ಲಿ ಕಬ್ಬಿಣ ಇಳಿಸುವ ಸದ್ದು ಕೂಡ ಒಳಗೆ ಬರುತ್ತಿರಲಿಲ್ಲ. ಎದುರಿಗೆ ಒಂದು ಮೈಕು, ಅಷ್ಟೇ. ನನ್ನ ಮಾತು ಮಧ್ಯದಲ್ಲಿ ತುಂಡು ಮಾಡದೆ ಕೇಳಿದವರು ನನ್ನ ಜೀವನದಲ್ಲಿ ಯಾರೂ ಇರಲಿಲ್ಲ. ನಾನು ಹೇಳುತ್ತಲೇ ಹೋದೆ. ಅಣ್ಣ ಫೇಲಾದಾಗ ಮಾರ್ಕ್ಸ್ ಕಾರ್ಡನ್ನು ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟಿದ್ದು, ಹಸು ಅದನ್ನು ಎಳೆದು ಅಪ್ಪನ ಎದುರಿಗೇ ಜಗಿದಿದ್ದು. ನನ್ನ ಕಿವಿಯ ಓಲೆ ಬಾವಿಗೆ ಬಿದ್ದಾಗ ಅಣ್ಣ ತಾನೇ ಕಳೆದೆನೆಂದು ಹೊಡೆತ ತಿಂದಿದ್ದು. ಅಮ್ಮ ತೀರಿಕೊಂಡ ದಿನ ಅವನು ಎಲ್ಲರ ಎದುರು ಗಟ್ಟಿಯಾಗಿದ್ದು, ಆಮೇಲೆ ಕರುವಿನ ಕೊಟ್ಟಿಗೆಯಲ್ಲಿ ನನ್ನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಿದ್ದು. ಅವನು ನನ್ನನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಅಡ್ಡಹೆಸರು ಕೂಡ. ಹೇಳಿ ಮುಗಿಸಿ ಕೆಳಗಿಳಿದು ಬಂದಾಗ ತಲೆಗೆ ನೀರು ಹಾಕಿಕೊಂಡಷ್ಟು ಹಗುರವಾಗಿರುತ್ತಿತ್ತು. ಅಣ್ಣನಿಗೂ ಫೋನಿನಲ್ಲಿ ಹೇಳಿದೆ: "ನಿನ್ ಮಾನ ಎಲ್ಲಾ ಕಳ್ದಿದೀನಿ ಕಣಣ್ಣ, ಒಂದೂ ಬಿಟ್ಟಿಲ್ಲ." ಅವನು ಬಿದ್ದು ಬಿದ್ದು ನಕ್ಕ.

ಮೊದಲ ಸಲ ಭಯವಾಗಿದ್ದು ಅಜ್ಜಂಪುರದಲ್ಲಿ. ಅಲ್ಲಿ ಒಂದು ಸಭಾಂಗಣದಲ್ಲಿ ಅಧಿಕಾರಿಗಳು, ಒಬ್ಬ ದೊಡ್ಡ ಮುಖಂಡರು, ಸುತ್ತಲಿನ ಹಳ್ಳಿಯ ರೈತರು ಸೇರಿದ್ದರು. ಯೋಜನೆಯನ್ನು ಇಡೀ ಜಿಲ್ಲೆಗೆ ವಿಸ್ತರಿಸಬೇಕೇ ಎಂದು ತೀರ್ಮಾನಿಸುವ ಮೊದಲು ಪ್ರದರ್ಶನ. ಮಾಲೀಕರು ನನ್ನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅಂತರಘಟ್ಟೆ ಕಡೆಯ ಒಬ್ಬ ಮುದುಕಿ ಬಂದು ನನ್ನ ಗಲ್ಲ ಹಿಡಿದು, "ದಿನಾ ನಮ್ಮನೆಗೆ ಬತ್ತೀಯಲ್ಲವ್ವ, ಇವತ್ತು ಮಖ ಕಂಡೆ" ಎಂದಳು. ನನಗೆ ಕಣ್ಣು ತುಂಬಿತು.

ಆಮೇಲೆ ಮಾಲೀಕರು ಒಂದಾದ ಮೇಲೊಂದು ಎರಡು ಧ್ವನಿ ಕೇಳಿಸಿದರು. ಎರಡರಲ್ಲೂ ನಾನೇ ಈರುಳ್ಳಿ ಬೆಳೆಗಾರರಿಗೆ ಏನೋ ಸೂಚನೆ ಕೊಡುತ್ತಿದ್ದೆ. ಒಂದು ನಾನು, ಇನ್ನೊಂದು ಯಂತ್ರ. ಯಾವುದು ಯಾವುದು ಹೇಳಿ ಎಂದರು. ಮುಂದಿನ ಸಾಲಿನವರು ಒಂದೊಂದು ಹೇಳಿ ನಕ್ಕರು. ಕೊನೆಗೆ ಮುಖಂಡರು ನನ್ನ ಕಡೆ ತಿರುಗಿ, "ಧ್ವನಿ ಯಜಮಾನ್ರು ನೀವೇ ಇದೀರಲ್ಲ, ನೀವೇ ಹೇಳ್ರಮ್ಮ" ಎಂದರು.

ನನಗೆ ಗೊತ್ತಾಗಲಿಲ್ಲ. ನಿಜವಾಗಿಯೂ ಗೊತ್ತಾಗಲಿಲ್ಲ. ಊರಿನ ಹೆಸರು ಹೇಳುವ ಮೊದಲು ಸಣ್ಣಗೆ ಉಸಿರೆಳೆದುಕೊಳ್ಳುವ ಅಭ್ಯಾಸ ನನಗಿದೆ. ಎರಡರಲ್ಲೂ ಆ ಉಸಿರಿತ್ತು. ಎರಡನೆಯದು ನಾನು ಎಂದೆ. ಅದು ಯಂತ್ರ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಮ್ಮನೆ ಕೂತಿದ್ದರೆ ಚೆನ್ನಾಗಿರುವುದಿಲ್ಲವಲ್ಲ.

ಊಟದ ಹೊತ್ತಿನಲ್ಲಿ ಮುಖಂಡರು ಮಾಲೀಕರ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದರು. ವಾಪಸ್ ಬರುವಾಗ ಕಾರಿನಲ್ಲಿ ಮಾಲೀಕರು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡಂತೆ ಹೇಳಿದರು. "ನಾನು ಎಷ್ಟು ಒಳ್ಳೇ ಸಾಮಾನು ಮಾಡಿದ್ರೂ ಕೊಳ್ಳೋ ಗಿರಾಕಿ ಸರ್ಕಾರ ಒಂದೇ ಮೇಡಂ. ಈ ಯೋಜನೆ ಇರ್ಬೇಕೋ ಹೋಗ್ಬೇಕೋ ಅಂತ ಬರೆಯೋರು ಯಾರು? ಗೆದ್ದೋರು. ಗೆಲ್ಲೋರು ಯಾರು ಅಂತ ಈಗ್ಲೇ ಗೊತ್ತಾಗಲ್ಲ. ನಾನು ಎರಡೂ ಕಡೆ ನಗ್ತಾ ಇರ್ಬೇಕು." ಅವರ ಮೇಲೆ ನನಗೆ ಕನಿಕರವೇ ಬಂತು. ಕಂಪನಿಯಲ್ಲಿ ದುಡಿಯುವವರ ಮನೆಗಳೆಲ್ಲ ಅವರ ಮೇಲೇ ನಿಂತಿದ್ದವು.

ಚುನಾವಣೆ ಘೋಷಣೆಯಾಯಿತು. ಮಾಲೀಕರು ಕಡೂರಿಗೆ ಬಂದು, ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಒಬ್ಬ ಅಭ್ಯರ್ಥಿಯ ಪರವಾಗಿ ನಾಲ್ಕು ಮಾತು ರೆಕಾರ್ಡ್ ಮಾಡಿಕೊಡಬೇಕು ಎಂದರು. ಮತ ಹಾಕಿ ಎಂದಷ್ಟೇ.

"ಆಗಲ್ಲ," ಎಂದೆ. "ಕರೆಂಟು ಬತ್ತದೆ ಅಂದ್ರೆ ನಂಬ್ತಾರೆ ಅಂತ, ಇವ್ರು ಒಳ್ಳೇರು ಅಂತಾನೂ ಹೇಳಕ್ಕಾಗುತ್ತಾ? ನಾಳೆ ಮುಖ ಎಲ್ಲಿಟ್ಕೊಳ್ಳಿ?"

ಅವರು ಒತ್ತಾಯ ಮಾಡಲಿಲ್ಲ. ಲೋಟ ಕೆಳಗಿಟ್ಟು, "ಸರಿ ಮೇಡಂ, ನಿಮಗೆ ಬೇಡ ಅಂದ್ರೆ ಬೇಡ" ಎಂದು ಎದ್ದರು. ಎಷ್ಟು ಮರ್ಯಾದೆಯ ಮನುಷ್ಯ ಎಂದುಕೊಂಡೆ. ನಾನು ಬೇಡ ಎಂದ ಮೇಲೆ ಆ ಮಾತು ಮುಗಿಯಿತು ಎಂದೇ ತಿಳಿದಿದ್ದೆ.

ಮತದಾನದ ದಿನ ಬೆಳಿಗ್ಗೆಯೇ ಹೋಗಿ ಮತ ಹಾಕಿ, ಬೆರಳಿನ ಮಸಿ ನೋಡಿಕೊಳ್ಳುತ್ತ ಮನೆಗೆ ಬಂದೆ. ಬಟ್ಟೆ ಒಗೆದೆ, ಹುರುಳಿ ನೆನೆಹಾಕಿದೆ. ಸಂಜೆ ಅತ್ತಿಗೆಯ ಫೋನ್ ಬಂತು.

"ಅಲ್ಲ ಕಣೇ, ಏನಿದು ನೀನ್ ಮಾಡಿದ್ದು? ಊರೆಲ್ಲ ಬೈತಾ ಅವ್ರೆ."

"ನಾನೇನ್ ಮಾಡ್ದೆ?"

"ಬೆಳಿಗ್ಗೆ ಫೋನ್ ಮಾಡಿ ಹೇಳಿದ್ಯಲ್ಲ! ಎಲೆಕ್ಷನ್ ಅಂತ ಇವತ್ತು ಸಾಯಂಕಾಲದ ತಂಕ ಪೂರ್ತಿ ತ್ರೀಫೇಸ್ ಕೊಡ್ತಾರೆ ಅಂತ. ಗಂಡಸ್ರೆಲ್ಲ ತೋಟಕ್ಕೋದ್ರು. ಕರೆಂಟಿಲ್ಲ. ಮತ್ತೆ ಮಾಡ್ದೆ, ಸ್ವಲ್ಪ ತಡ ಆಯ್ತದೆ, ಯಾರೂ ತೋಟ ಬಿಟ್ಟೋಗ್ಬೇಡಿ ಅಂತ. ಕಾದು ಕಾದು ಬರೋ ಹೊತ್ಗೆ ಓಟು ಹಾಕೋ ಟೈಮೇ ಮುಗ್ದೋಯ್ತು. ನಿಮ್ಮಣ್ಣಂದೂ ಹೋಯ್ತು."

ಕರೆ ಹೋಗಿದ್ದು ಎಲ್ಲ ಊರಿಗೂ ಅಲ್ಲ. ಯಾವ ಊರುಗಳು ಯಾರ ಕಡೆ ಎಂದು ಗೊತ್ತಿದ್ದವರು ತಮಗೆ ಮತ ಬೀಳದ ಊರುಗಳನ್ನೇ ಆರಿಸಿ ಮಾಡಿದ್ದರು. ಇನ್ನೊಂದು ಸಂಗತಿಯನ್ನೂ ಅತ್ತಿಗೆಯೇ ಹೇಳಿದಳು. ಅಣ್ಣನ ಫೋನಿಗೆ ಆ ಕರೆ ಕಂಪನಿಯ ನಂಬರಿನಿಂದ ಬಂದಿರಲಿಲ್ಲ. ಪರದೆಯ ಮೇಲೆ 'ತಂಗಿ' ಎಂದೇ ಮೂಡಿತ್ತಂತೆ. ಧ್ವನಿಯ ಜತೆ ನನ್ನ ನಂಬರನ್ನೂ ನಕಲು ಮಾಡಿದ್ದರು.

ಇಷ್ಟು ಹೊತ್ತು ನಾನು ಬಟ್ಟೆ ಒಗೆಯುತ್ತಿದ್ದೆ. ಅದೇ ಹೊತ್ತಿನಲ್ಲಿ ನಾನು ಪಂಚನಹಳ್ಳಿಯ ತೋಟತೋಟದಲ್ಲೂ ಮಾತಾಡುತ್ತಿದ್ದೆ. ಆ ಯೋಚನೆ ಬಂದಾಗ ಆದ ಭಯಕ್ಕೆ ನನ್ನ ಬಳಿ ಇವತ್ತಿಗೂ ಸರಿಯಾದ ಮಾತಿಲ್ಲ. ಹೋಗಿ ಕನ್ನಡಿ ನೋಡಿಕೊಂಡೆ, ಮುಖ ಅಲ್ಲೇ ಇತ್ತು. ಬಾಯಿ ತೆರೆದು ಒಂದು ಮಾತಾಡಿ ನೋಡಲು ಮಾತ್ರ ಧೈರ್ಯ ಬರಲಿಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ ಮನೆಯ ಮುಂದೆ ಬೈಕುಗಳು ನಿಂತವು. ಗಂಡ ಊರಲ್ಲಿರಲಿಲ್ಲ. ಮತ ತಪ್ಪಿಸಿಕೊಂಡ ಪಕ್ಷದವರು. ಅವರು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅದರಲ್ಲಿ ನಾನೇನು ಕಮ್ಮಿಯಿಲ್ಲ. ಆದರೆ ಅವರು ಬಹಳ ಮೆತ್ತಗೆ ಮಾತಾಡಿದರು. ಒಬ್ಬ ಫೋನ್ ಮುಂದೆ ಚಾಚಿ, ಆ ದಿನದ ಧ್ವನಿ ಹಾಕಿದ. ಮುಗಿದ ಮೇಲೆ, "ಈಗ ನೀವು ಇದ್ನೇ ಒಂದ್ಸಲ ಹೇಳಿ ಮೇಡಂ, ಕೇಳಾನ" ಎಂದ.

ನಾನು ತುಟಿ ಬಿಗಿಹಿಡಿದು ನಿಂತೆ. ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತೇನೆ. ಏಕೆಂದರೆ ಅದು ನನ್ನದೇ ಧ್ವನಿ. ತಲೆ ಅಲ್ಲಾಡಿಸಿದೆ.

"ಮನೆ ಗೊತ್ತಾಯ್ತಲ್ಲ, ಬತ್ತೀವಿ ಬಿಡಿ," ಎಂದು ಹೋದರು. ಅವತ್ತಿನಿಂದ ಬಾಗಿಲ ಚಿಲಕ ಹಗಲಿನಲ್ಲೂ ಹಾಕಿಯೇ ಇರುತ್ತದೆ.

ಪೊಲೀಸ್ ಸ್ಟೇಷನ್ನಿಗೆ ದೂರು ಕೊಡಲು ಹೋದೆ. ಅಲ್ಲಿ ಕೂತಿದ್ದವರು ಕೆಟ್ಟವರಲ್ಲ, ಗೊಂದಲಗೊಂಡವರು. "ಇದು ನಿಮ್ಮ ಧ್ವನಿ ತಾನೇ?" ಎಂದರು. ಧ್ವನಿ ನನ್ನದು, ಮಾತು ನನ್ನದಲ್ಲ ಎಂದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ಎತ್ತಿ, "ಎರಡ್ರಲ್ಲಿ ಯಾವ್ದಾದ್ರೂ ಒಂದು ಹೇಳಮ್ಮ" ಎಂದರು.

ಅಲ್ಲಿಂದ ನೇರ ತರೀಕೆರೆಗೆ ಹೋದೆ. ಬಸ್ಸಿನ ಉದ್ದಕ್ಕೂ ಮಾಲೀಕರಿಗೆ ಬಯ್ಯಬೇಕಾದ ಬೈಗುಳಗಳನ್ನೆಲ್ಲ ಪೋಣಿಸಿಕೊಂಡೆ. ಆದರೆ ಅವರು ತಲೆ ಎತ್ತಿದಾಗ ನೋಡಿದೆ, ಹಣೆಯ ಮೇಲೆ ಅವತ್ತು ವಿಭೂತಿ ಇರಲಿಲ್ಲ.

"ನಾನು ಮಾಡಿಲ್ಲ ಮೇಡಂ, ದೇವ್ರಾಣೆ. ಡೆಮೋಗೆ ಅಂತ ಆ ಅಜ್ಜಂಪುರದ ಮುಖಂಡರ ಕಡೆಯ ಕನ್ಸಲ್ಟೆಂಟ್‌ಗಳು ಸಿಸ್ಟಮ್ ಕೇಳಿದ್ರು. ಕೊಡಲ್ಲ ಅನ್ನೋಕೆ ಆಗುತ್ತಾ? ಕೊಟ್ಟೆ."

"ಹಂಗಾದ್ರೆ ವಾಪಸ್ ತಗೊಳ್ಳಿ."

ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. "ಅದೇನು ಪಾತ್ರೆನಾ ಮೇಡಂ, ವಾಪಸ್ ತಗೊಳ್ಳೋಕೆ? ಈಗ ನಿಮ್ಮ ಧ್ವನಿ ಎಷ್ಟು ಜನರ ಹತ್ರ ಇದೆ ಅಂತ ನನಗೂ ಗೊತ್ತಿಲ್ಲ."

ನಾನು ಕೆಲಸ ಬಿಟ್ಟೆ. ಬಿಟ್ಟಿದ್ದರಿಂದ ಯಾರಿಗೂ ಏನೂ ತೊಂದರೆಯಾಗಲಿಲ್ಲ. ಫಲಿತಾಂಶ ಬಂತು, ಒಬ್ಬರು ಗೆದ್ದರು. ಯೋಜನೆ ಜಿಲ್ಲೆಗೆಲ್ಲ ವಿಸ್ತಾರವಾಯಿತು. ಗುತ್ತಿಗೆ ಮಾಲೀಕರ ಕೈ ತಪ್ಪಿ ಬೇರೆ ಯಾವುದೋ ದೊಡ್ಡ ಕಂಪನಿಗೆ ಹೋಯಿತು. ಧ್ವನಿ ಮಾತ್ರ ಅದೇ ಉಳಿಯಿತು, ಜನಕ್ಕೆ ಪರಿಚಯವಾಗಿದೆ ಎಂದು. ಕೆಲಸ ಬಿಟ್ಟ ಮೇಲೆ ಪಂಚನಹಳ್ಳಿಯ ಪಟ್ಟಿಗೆ ನನ್ನ ನಂಬರನ್ನೂ ಸೇರಿಸಿಕೊಂಡೆ, ಹಾಗಾಗಿ ನನ್ನ ಫೋನಿಗೂ ಆ ಕರೆ ಬರುತ್ತದೆ. ತಪ್ಪದೆ ಕೇಳುತ್ತೇನೆ. ನಾನು ಊರವರಿಗೆ ಏನು ಹೇಳುತ್ತಿದ್ದೇನೆಂದು ನನಗೆ ಗೊತ್ತಿರಬೇಕಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಈಗ ಬಾಳೆಹಣ್ಣಿನ ಕಡೆ ಬೆರಳು ತೋರಿಸುತ್ತೇನೆ. ಬೆಲೆ ಕೇಳುವುದಿಲ್ಲ, ನೋಟು ಕೊಟ್ಟು ಚಿಲ್ಲರೆ ಇಸಿದುಕೊಳ್ಳುತ್ತೇನೆ. ಮೂಗಿ ಎಂದುಕೊಂಡ ಹೊಸ ಅಂಗಡಿಯವಳು ಒಂದು ಹಣ್ಣು ಹೆಚ್ಚಿಗೆ ಹಾಕುತ್ತಾಳೆ.

ಪಂಚನಹಳ್ಳಿಯವರಂತೂ "ನಮಸ್ಕಾರ" ಎಂದು ಕೇಳಿದ ಕೂಡಲೇ ಕಟ್ ಮಾಡುತ್ತಿದ್ದರು. ಅಣ್ಣ ನನ್ನ ಮೇಲೆ ಸಿಟ್ಟಾಗಲಿಲ್ಲ. ಯಂತ್ರದ ಕತೆಯನ್ನೆಲ್ಲ ಹೇಳಿದಾಗ ನಂಬಿದ. ನಂಬಿದ್ದರಿಂದಲೇ ಒಂದು ಕಾಯಿದೆ ಮಾಡಿದ: "ಇನ್ಮ್ಯಾಕೆ ಫೋನ್ ಮಾಡಿದ್ರೆ ಒಂದು ಗುರ್ತು ಹೇಳ್ಬೇಕು. ನಿಂಗೂ ನಂಗೂ ಬಿಟ್ರೆ ಯಾರ್ಗೂ ಗೊತ್ತಿರ್ಬಾರ್ದು, ಅಂತಾದ್ದು. ಇಲ್ದಿದ್ರೆ ಮಷೀನು ಅಂತ ಲೆಕ್ಕ." ಸರಿ ಎಂದೆ. ಆದರೆ ಅಂಥ ಗುರುತು ಯಾವುದೆಂದು ಗೊತ್ತುಮಾಡಿಕೊಳ್ಳಲೇ ಇಲ್ಲ, ಫೋನ್ ಮಾಡುವುದನ್ನೇ ಬಿಟ್ಟೆ. ಅಣ್ಣನ ಜತೆ ಮಾತಾಡಬೇಕೆನಿಸಿದಾಗ ಬಸ್ ಹತ್ತಿ ಹೋಗಿ ಎದುರಿಗೆ ಕೂತು ಮಾತಾಡಿ ಬರುತ್ತಿದ್ದೆ.

ಒಂದು ಬೆಳಿಗ್ಗೆ ಅತ್ತಿಗೆ ಏನೋ ಕೇಳಲು ಫೋನ್ ಮಾಡಿದವಳು ಮಾತಿನ ಮಧ್ಯೆ ಹೇಳಿದಳು. "ನಿಮ್ಮಣ್ಣ ತೋಟದಾಗೆ ಮೋಟರ್ ಸ್ಟಾರ್ಟರ್ ಬಿಚ್ಕೊಂಡು ಕೂತವ್ರೆ. ಇಲಿ ವೈರ್ ಕಡ್ದೈತಂತೆ. ಕರೆಂಟು ಮಧ್ಯಾಹ್ನದ ಮ್ಯಾಲೆ ತಾನೆ, ಅಷ್ಟರಾಗೆ ಮುಗಿಸ್ತೀನಿ ಅಂದ್ರು."

ಫ್ಯೂಸ್ ತೆಗೆದು ಕೆಲಸ ಮಾಡುವ ಅಭ್ಯಾಸ ನಮ್ಮವರಲ್ಲಿ ಯಾರಿಗೂ ಇಲ್ಲ. ಕರೆಂಟ್ ಇಲ್ಲದ ಹೊತ್ತಿನಲ್ಲಿ ವೈರಿಗೆ ಕೈ ಹಾಕುವುದು, ಬರುವ ಹೊತ್ತಿಗೆ ಕೈ ತೆಗೆಯುವುದು, ಅಷ್ಟೇ ಜಾಗ್ರತೆ. ಅಪ್ಪನೂ ಹಾಗೇ ಮಾಡುತ್ತಿದ್ದ. ನಾನೂ ಸರಿ ಎಂದು ಫೋನಿಟ್ಟೆ.

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಮತ್ತೆ ಫೋನ್ ಬಂತು. ನನ್ನದೇ ಧ್ವನಿ. "ನಮಸ್ಕಾರ. ಪಂಚನಹಳ್ಳಿ ಭಾಗದ ರೈತರ ಗಮನಕ್ಕೆ. ಇವತ್ತು ತ್ರೀಫೇಸ್ ಮಧ್ಯಾಹ್ನದ ಬದಲು ಈಗಲೇ ಕೊಡಲಾಗುವುದು. ಇನ್ನು ಸ್ವಲ್ಪ ಹೊತ್ತಿನಲ್ಲಿ ಬರುತ್ತದೆ. ದಯವಿಟ್ಟು ಎಚ್ಚರದಿಂದಿರಿ."

ಅಣ್ಣ ಇದನ್ನು ಕೇಳಿರುವುದಿಲ್ಲ. "ನಮಸ್ಕಾರ" ಎನ್ನುವಾಗಲೇ ಕಟ್ ಮಾಡಿರುತ್ತಾನೆ. ಅತ್ತಿಗೆಗೆ ಫೋನ್ ಹಚ್ಚಿದೆ. ರಿಂಗಾಗುತ್ತಲೇ ಇತ್ತು, ಎತ್ತಲಿಲ್ಲ. ಅಣ್ಣನಿಗೆ ಹಚ್ಚಿದೆ. ಎತ್ತಿಕೊಂಡ.

"ನಾನು ಕಣಣ್ಣ! ಕೈ ತೆಗಿ, ಕರೆಂಟು ಬತ್ತಾ ಐತೆ!"

"ಯಾರು?"

"ನಾನು ಕಣಣ್ಣ, ನಾನು!"

"ಗುರ್ತು ಹೇಳು."

"ಗುರ್ತು ಆಮೇಲೆ ಹೇಳ್ತೀನಿ, ಮೊದ್ಲು ವೈರ್ ಬಿಡು!"

"ಗುರ್ತು ಹೇಳು ಅಂದ್ನಲ್ಲ." ಅವನ ಧ್ವನಿ ತಣ್ಣಗಿತ್ತು. ಅವನು ಯಂತ್ರದ ಜತೆ ಮಾತಾಡುತ್ತಿದ್ದ.

ಮಾರ್ಕ್ಸ್ ಕಾರ್ಡು, ಹುಲ್ಲಿನ ಮೆದೆ, ಎಂದೆ. "ಅದು ಅದ್ರಾಗೆ ಐತೆ," ಎಂದ. ಬಾವಿಗೆ ಬಿದ್ದ ಓಲೆ ಎಂದೆ. "ಅದ್ನೂ ಹೇಳ್ಬಿಟ್ಟವ್ಳಂತಲ್ಲ ಅವ್ಳು." ಅಡ್ಡಹೆಸರು ಹೇಳಿದೆ. ಅದಕ್ಕೂ ಅದೇ ಉತ್ತರ. ಇಲಿ ವೈರ್ ಕಡಿದದ್ದನ್ನು ಅತ್ತಿಗೆ ಈಗಷ್ಟೇ ಹೇಳಿದಳೆಂದೆ, "ಫೋನಾಗೆ ಆಡಿದ್ದು ಮಷೀನ್‌ಗೂ ಕೇಳಿಸ್ತದೆ," ಎಂದ. ಕರುವಿನ ಕೊಟ್ಟಿಗೆ ಎನ್ನಲು ಹೋದೆ, ಅದೂ ಆ ಸ್ಪಂಜಿನ ಕೋಣೆಯಲ್ಲಿ ಅಳುತ್ತಾ ಹೇಳಿದ್ದೇ. ಹುಡುಕಿದೆ. ಅಪ್ಪ, ಅಮ್ಮ, ತೋಟ, ಶಾಲೆ, ಹಬ್ಬ, ಜ್ವರ, ಎಲ್ಲವನ್ನೂ ಕೊಡವಿದೆ. ಎಲ್ಲಕ್ಕೂ ಆ ಮೈಕಿನ ವಾಸನೆ ಹತ್ತಿತ್ತು. ನಾನೇ ನಾನೆಂದು ಹೇಳಿಕೊಳ್ಳಲು ನನ್ನ ಹತ್ತಿರ ಒಂದೇ ಒಂದು ಸಂಗತಿ ಉಳಿದಿರಲಿಲ್ಲ. ಅವನ ಕೈಯಲ್ಲಿ ವೈರಿದೆ ಎಂಬುದೊಂದೇ ಕಣ್ಣ ಮುಂದೆ ಇತ್ತು.

"ಸರಿ," ಎಂದೆ. "ನಾನು ನಿನ್ ತಂಗಿ ಅಲ್ಲ. ಮಷೀನೇ ನಾನು. ಮಷೀನ್ ಹೇಳ್ತಾ ಐತೆ ಅಂತಾನೇ ಇಟ್ಕೋ. ವೈರ್ ಕೆಳಗಿಟ್ಟು ದೂರ ನಿಂತ್ಕೋ. ನಿಂತ್ರೆ ನಿಂದೇನೂ ಹೋಗಲ್ಲ. ನಿಂತ್ಕೋ!"

ಸ್ಕ್ರೂಡ್ರೈವರ್ ಕಲ್ಲಿನ ಮೇಲೆ ಬಿದ್ದಂತಾಯಿತು. ಹೆಜ್ಜೆಯ ಸದ್ದೋ ಏನೋ. ನಾನು ಕಿವಿಗೆ ಫೋನ್ ಒತ್ತಿಕೊಂಡು ನಿಂತಿದ್ದೆ. ಆಮೇಲೆ ಪಕ್ಕದ ತೋಟದ ಮೋಟರ್ ಗುಂಯ್ ಎಂದು ಎದ್ದಿತು. ಅದರ ಹಿಂದೆ ಇನ್ನೊಂದು. ತೊಟ್ಟಿಗೆ ನೀರು ಬೀಳುವ ಸದ್ದು ಫೋನಿನಲ್ಲೇ ಕೇಳಿಸಿತು.

ಅಣ್ಣ ಫೋನ್ ಕಟ್ ಮಾಡಿದ.

ಸಾರು ಸೀದುಹೋಗಿತ್ತು. ಒಲೆ ಆರಿಸಿ, ಉಟ್ಟ ಸೀರೆಯಲ್ಲೇ ಬಸ್ ಹತ್ತಿದೆ. ನಾನು ಹೋದಾಗ ಅಣ್ಣ ಜಗಲಿಯ ಮೇಲೆ ಕೂತಿದ್ದ, ಸುತ್ತ ಅಕ್ಕಪಕ್ಕದವರು. ಹೋಗಿ ಅವನ ಎರಡೂ ಕೈ ಹಿಡಿದುಕೊಂಡು ಬೆರಳು ಬೆರಳು ನೋಡಿದೆ. ಅಳು ತಡೆಯಲಾಗಲಿಲ್ಲ. ಅತ್ತಿಗೆ ನೀರು ತಂದುಕೊಟ್ಟಳು.

"ಅಯ್ಯೋ ಬಿಡವ್ವ, ಏನೂ ಆಗಿಲ್ಲ," ಎಂದ ಅಣ್ಣ. "ಮಷೀನು ಹೇಳ್ತು, ಇಟ್ಬಿಟ್ಟೆ."

"ಮಷೀನ್ ಅಲ್ಲ ಅಣ್ಣ. ಅದು ನಾನು."

ಅವನು ನಕ್ಕ. ಪ್ರೀತಿಯಿಂದಲೇ ನಕ್ಕ. "ನೀನಾಗಿದ್ರೆ ಒಂದು ಗುರ್ತು ಹೇಳ್ತಿರ್ಲಿಲ್ವಾ? ಹಳೇವೇ ಹೇಳ್ತು. ಕೊನೆಗೆ ಅದೇ ಬಾಯ್ಬಿಡ್ತು, ನಾನು ಮಷೀನು, ನಿನ್ ತಂಗಿ ಅಲ್ಲ ಅಂತ. ನನ್ ತಂಗಿ ಯಾವತ್ತಾದ್ರೂ ಹಂಗಂತಾಳಾ?"

ನನ್ನ ಫೋನ್ ತೆಗೆದು ಅವನಿಗೆ ಮಾಡಿದ ಕರೆ ತೋರಿಸಿದೆ. ಅವನು ಅದನ್ನು ನೋಡಲೂ ಇಲ್ಲ. "ಓಟಿನ ದಿನಾನೂ ನಿನ್ ಹೆಸ್ರೇ ಬಂದಿತ್ತಲ್ಲ," ಎಂದ. ಆಮೇಲೆ ಸುತ್ತಲಿನವರ ಕಡೆ ತಿರುಗಿ, "ಏನೇ ಅನ್ನಿ ಕಣ್ರೀ, ಅವತ್ತೊಂದಿನ ಯಾರೋ ಕೆಡ್ಸಿದ್ರು. ಮಷೀನ್ ಒಳ್ಳೇದೇ. ನನ್ ಜೀವ ಉಳಿಸ್ತು," ಎಂದ. ಅವರೆಲ್ಲ ತಲೆದೂಗಿದರು.

ನಾನು ಮತ್ತೆ ಹೇಳಿದೆ, ಇನ್ನೊಂದು ಸಲ ಹೇಳಿದೆ, ರೇಗಿ ಹೇಳಿದೆ. ಅತ್ತಿಗೆ ನನ್ನ ಬೆನ್ನು ಸವರುತ್ತ, "ಹೋಗ್ಲಿ ಬಿಡೇ, ಜೀವ ಉಳೀತಲ್ಲ, ಯಾರು ಉಳ್ಸಿದ್ರೇನು" ಎಂದಳು. ಅವಳು ಹೇಳಿದ್ದು ಸರಿಯೇ. ಅವನು ಬದುಕಿದ್ದಾನೆ, ನನಗೆ ಬೇರೆ ಏನೂ ಬೇಕಾಗಿಲ್ಲ. ಹಾಗೆ ನೂರು ಸಲ ಅಂದುಕೊಂಡರೂ, ಹೇಳಿದ್ದು ನಾನೇ ಎಂಬ ಮಾತು ಮತ್ತೆ ಬಾಯಿಗೆ ಬರುತ್ತದೆ.

ಈಗ ಪಂಚನಹಳ್ಳಿಯಲ್ಲಿ ಯಾರೂ ಆ ಕರೆಯನ್ನು ಕಟ್ ಮಾಡುವುದಿಲ್ಲ. ಅಣ್ಣನ ಜೀವ ಉಳಿದ ಕತೆ ಅಕ್ಕಪಕ್ಕದ ಊರಿಗೂ ಹೋಗಿದೆ. ಮೊನ್ನೆ ಹೋದಾಗ ದಾರಿಯಲ್ಲಿ ಮೈಕು ಕಟ್ಟಿದ ಆಟೋಗಳು ಓಡಾಡುತ್ತಿದ್ದವು. ಮತ್ತೆ ಚುನಾವಣೆ ಬಂದಿದೆ. ಅಣ್ಣ ಊಟಕ್ಕೆ ಕೂತಿದ್ದ. ನಾನು 'ಈ ಸಲ ಏನೇ ಕರೆ ಬಂದರೂ ಮೊದಲು ಹೋಗಿ ಮತ ಹಾಕಿ ಬಾ' ಎಂದು ಅವನಿಗೆ ಹೇಳುತ್ತಿದ್ದೆ. ಇನ್ನೂ ಮಾತು ಅರ್ಧದಲ್ಲಿತ್ತು, ಅವನ ಫೋನ್ ರಿಂಗಾಯಿತು. ಅವನು ಎಡಗೈಯಲ್ಲಿ ಎತ್ತಿ ಜೋರು ಮಾಡಿ ತಟ್ಟೆಯ ಪಕ್ಕಕ್ಕಿಟ್ಟ. ಊರಿನ ಹೆಸರು ಹೇಳುವ ಮೊದಲಿನ ಆ ಸಣ್ಣ ಉಸಿರು ಕೇಳಿಸಿತು.

"ಅಣ್ಣ, ನಾನ್ ಹೇಳೋದು ಕೇಳು," ಎಂದೆ.

ಅವನು ನನ್ನ ಕಡೆ ನೋಡದೆ ಬೆರಳು ತುಟಿಯ ಮೇಲಿಟ್ಟ. "ಶ್. ಸುಮ್ನಿರವ್ವ, ಏನಂತದೆ ಕೇಳಾನ."

ನಾನು ಬಾಯಿ ಮುಚ್ಚಿದೆ. ಫೋನಿನಲ್ಲಿ ನಾನು ಮಾತಾಡತೊಡಗಿದೆ.